ಅಲ್ ಖೌದ್‌ನಲ್ಲೊಂದು ವಿಕ್ಟೋರಿಯನ್ ಮನೆ

ಫೋಟೋದಲ್ಲಿದ್ದದ್ದು ಇಂಗ್ಲೆಂಡಿನ ಯಾವುದೋ ಪಟ್ಟಣದ ಹೊರವಲಯದ ಮನೆ. ಕೆಂಪು ಇಟ್ಟಿಗೆಯ ಗೋಡೆ, ಕಡಿದಾದ ಮಾಡು, ಮಾಡಿನ ಮೇಲೆ ದಪ್ಪನೆಯ ಹೊಗೆಗೂಡು. ಮುಂಬಾಗಿಲ ಪಕ್ಕದಲ್ಲಿ ಗೋಡೆಯಿಂದ ಬೀದಿಯ ಕಡೆಗೆ ಚಾಚಿಕೊಂಡ ಮೂರು ಮುಖದ ಕಿಟಕಿ, ನೆಲದಿಂದ ಮಹಡಿಯವರೆಗೆ. ವಿಕ್ಟೋರಿಯಾ ರಾಣಿಯ ಕೊನೆಗಾಲದಲ್ಲಿ ಇಂಥ ಮನೆಗಳು ಅಲ್ಲಿ ಸಾಲುಸಾಲಾಗಿ ಎದ್ದವು. ರೈಲಿನಲ್ಲಿ ಪೇಟೆಗೆ ಹೋಗಿ ಕಚೇರಿಯಲ್ಲಿ ಕೂತು ಸಂಜೆ ಮರಳುವ ಜನರಿಗಾಗಿ ಕಟ್ಟಿದವು.

ಫೋಟೋ ತಂದವರು ಮಸ್ಕತ್ ನಗರದ ಅಲ್ ಖೌದ್‌ನ ಒಬ್ಬ ಒಮಾನಿ ಉಪನ್ಯಾಸಕಿ. ಓದುವಾಗ ಅದೇ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದರಂತೆ. ಈಗ ಸ್ವಂತ ನಿವೇಶನ ಸಿಕ್ಕಿತ್ತು. ಅದರಲ್ಲಿ ಅಂಥದೇ ಮನೆ ಬೇಕು ಎಂದರು. ನಾನು ಅದೇ ನಗರದ ಖುರುಮ್‌ನ ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿ ಆರ್ಕಿಟೆಕ್ಟ್. ನಮ್ಮ ಮುಖ್ಯಸ್ಥರು ಮಂಗಳೂರಿನ ಕ್ಯಾಥೊಲಿಕ್ ಇಂಜಿನಿಯರು, ನಾನು ಕಾರ್ಕಳದ ಕಡೆಯವಳು. ನಾವಿಬ್ಬರೂ ತುಳುವಿನಲ್ಲಿ ಮಾತು ಶುರು ಮಾಡುತ್ತಿದ್ದೆವು. ಜಗಳ ಹತ್ತಿದರೆ ಮಾತ್ರ ಇಬ್ಬರೂ ಕನ್ನಡಕ್ಕೆ ಹೊರಳುತ್ತಿದ್ದೆವು. ಈ ಮನೆಯ ವಿಷಯದಲ್ಲಿ ಮೊದಲ ದಿನವೇ ಕನ್ನಡಕ್ಕೆ ಬಂದೆವು.

ಅವರ ಲೆಕ್ಕ ಸರಳವಾಗಿತ್ತು. ನಮ್ಮಲ್ಲಿ ತಯಾರಿರುವ ವಿಲ್ಲಾ ಪ್ಲಾನ್ ತೆಗೆದುಕೊಳ್ಳುವುದು, ಮುಂಭಾಗಕ್ಕೆ ಥರ್ಮೋಕೋಲಿನ ಕಮಾನು, ಪಟ್ಟಿ, ಹೂಬಳ್ಳಿ ಅಂಟಿಸಿ ಬಣ್ಣ ಬಳಿಯುವುದು.

"ನೋಡು ಮಾರಾಯ್ತಿ, ಅವರಿಗೆ ಎಂತ ಬೇಕು? ಎದುರಿಂದ ಫೋಟೋ ತೆಗ್ದ್ರೆ ಇಂಗ್ಲಿಷ್ ಮನೆ ಕಾಣ್ಬೇಕು. ಒಳಗೆ ಯಾರು ನೋಡ್ತಾರೆ?"

"ಒಳಗೆ ಇರುವವರು ನೋಡ್ತಾರೆ ಸರ್. ಅಂಟಿಸುವ ಕೆಲ್ಸ ಆದ್ರೆ ಬೇರೆಯವರಿಗೆ ಕೊಡಿ."

ಬೇರೆ ಯಾರಿಗೂ ಈ ತಲೆನೋವು ಬೇಕಾಗಿರಲಿಲ್ಲ. ಹಾಗಾಗಿ ಕಡತ ನನ್ನ ಮೇಜಿನಲ್ಲೇ ಉಳಿಯಿತು.

ಮೊದಲು ಆ ಮನೆಯನ್ನು ಅರ್ಥ ಮಾಡಿಕೊಳ್ಳಬೇಕಿತ್ತು. ಉಪನ್ಯಾಸಕಿಯನ್ನು ಕೂರಿಸಿಕೊಂಡು, ಕಣ್ಣು ಮುಚ್ಚಿ ಬಾಗಿಲಿನಿಂದ ಒಳಗೆ ನಡೆಯಿರಿ, ಕಂಡದ್ದನ್ನೆಲ್ಲ ಹೇಳಿ ಎಂದೆ. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಇಕ್ಕಟ್ಟಾದ ಉದ್ದನೆಯ ಪಡಸಾಲೆ. ಬಾಗಿಲ ಪಕ್ಕದಲ್ಲೇ ಅತಿಥಿಗಳ ಕೋಣೆ; ಅದರಲ್ಲೇ ಆ ಚಾಚಿದ ಕಿಟಕಿ. ಅದರ ಹಿಂದೆ ಮನೆಯವರ ಕೋಣೆ. ಎರಡೂ ಕೋಣೆಗಳ ನಡುವಿನ ಗೋಡೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಅಗ್ಗಿಷ್ಟಿಕೆಗಳು, ಎರಡಕ್ಕೂ ಒಂದೇ ಹೊಗೆಗೂಡು. ಕೊನೆಯಲ್ಲಿ ಹಿತ್ತಲಿಗೆ ಚಾಚಿದ ಅಡುಗೆಮನೆ, ಅದಕ್ಕೆ ಬೇರೆ ಬಾಗಿಲು. ಅತಿಥಿಗಳ ಕೋಣೆಯಲ್ಲಿ ಮನೆಯವರು ಕೂರುತ್ತಿರಲಿಲ್ಲವಂತೆ. ಒಳ್ಳೆಯ ಕುರ್ಚಿಗಳೆಲ್ಲ ಅಲ್ಲಿ, ಬದುಕೆಲ್ಲ ಹಿಂದಿನ ಕೋಣೆಯಲ್ಲಿ.

ಬರೆದು ಮುಗಿಸಿದಾಗ ನನಗೆ ನಗು ಬಂತು. ಇದು ಒಮಾನಿನ ಮನೆಯೇ. ಇಲ್ಲಿನ ಮಜ್ಲಿಸ್ ಎಂಬ ಅತಿಥಿ ಕೋಣೆ ಇರುವುದೂ ಹಾಗೆಯೇ: ಬಾಗಿಲ ಪಕ್ಕದಲ್ಲಿ, ಬಂದವರು ಮನೆಯ ಒಳಕ್ಕೆ ಕಾಲಿಡದೆ ಕೂತು ಕಾಫಿ ಕುಡಿದು ಹೋಗುವಂತೆ. ಉಪನ್ಯಾಸಕಿಗೂ ಅದನ್ನೇ ಹೇಳಿದೆ. ಅವರು ಪ್ಲಾನನ್ನು ತಿರುಗಿಸಿ ತಿರುಗಿಸಿ ನೋಡಿ, ಅಣ್ಣನಿಗೆ ಹೇಳಲು ಈಗ ಒಂದು ಮಾತು ಸಿಕ್ಕಿತು ಎಂದರು. ಅಣ್ಣ ಕುಟುಂಬದ ಹಿರಿಯ. ತಂಗಿಯ ಈ ಮನೆಯ ಯೋಚನೆ ಅವರಿಗೆ ಹುಚ್ಚಾಗಿ ಕಂಡಿತ್ತು. ಅದರಲ್ಲೂ ಆ ಕಿಟಕಿ. ಹೆಂಗಸರಿರುವ ಮನೆ ಬೀದಿಯ ಕಡೆ ಮುಖ ಚಾಚುವುದೆಂದರೇನು ಎನ್ನುವುದು ಅವರ ಆಕ್ಷೇಪ.

ಆಮೇಲೆ ನಗರಪಾಲಿಕೆಯ ಪರ್ಮಿಟ್. ನಮ್ಮ ಮೊದಲ ಡ್ರಾಯಿಂಗ್ ಮೂರು ಆಕ್ಷೇಪಗಳೊಂದಿಗೆ ಮರಳಿತು. ಕೆಂಪು ಇಟ್ಟಿಗೆ ಆಗದು, ಗೋಡೆ ತಿಳಿಬಣ್ಣದಲ್ಲಿರಬೇಕು. ಕಡಿದಾದ ಮಾಡು ಆಗದು. ಹೊಗೆಗೂಡು ಯಾಕೆಂದು ವಿವರಿಸಬೇಕು. ಮುಖ್ಯಸ್ಥರು ಗೆದ್ದವರಂತೆ ಆ ಹಾಳೆಯನ್ನು ನನ್ನ ಮುಂದಿಟ್ಟರು. ನಾನು ಅದನ್ನು ಮನೆಗೆ ಒಯ್ದು, ಯಾವುದನ್ನು ಬಿಡಬಹುದು, ಯಾವುದನ್ನು ಬಿಟ್ಟರೆ ಮನೆಯೇ ಉಳಿಯುವುದಿಲ್ಲ ಎಂದು ವಿಂಗಡಿಸತೊಡಗಿದೆ. ಕೆಂಪು ಬಣ್ಣವನ್ನು ಬಿಟ್ಟೆ. ಅಲ್ಲಿನ ಮಣ್ಣಿನಲ್ಲಿ ಸಿಕ್ಕಿದ ಬಣ್ಣ ಅದು, ಇಲ್ಲಿನ ಮಣ್ಣು ಬೇರೆ. ಮಾಡನ್ನೂ ಬಿಟ್ಟೆ. ಅದು ಹಿಮ ಮತ್ತು ಮಳೆಗಾಗಿ ಇದ್ದದ್ದು. ಕೋಣೆಗಳ ಜೋಡಣೆ, ಎತ್ತರದ ಚಾವಣಿ, ಮೇಲೂ ಕೆಳಗೂ ಜಾರುವ ಕಿಟಕಿಗಳು, ಚಾಚಿದ ಕಿಟಕಿ, ಹೊಗೆಗೂಡು, ಇವನ್ನು ಬಿಡುವುದಿಲ್ಲ ಎಂದು ತೀರ್ಮಾನಿಸಿದೆ.

ಹೊಗೆಗೂಡಿಗೆ ಕಾರಣ ಕೊಡುವುದು ಕಷ್ಟವಾಗಲಿಲ್ಲ. ಬೆಂಕಿಯಿಲ್ಲದಿದ್ದರೂ ಅದು ಗಾಳಿಯನ್ನು ಮೇಲಕ್ಕೆ ಎಳೆಯುತ್ತದೆ. ಮೆಟ್ಟಿಲಿನ ಪಕ್ಕಕ್ಕೆ ಅದನ್ನು ಸರಿಸಿ, ತುದಿಯಲ್ಲಿ ಮುಚ್ಚಿ ತೆರೆಯುವ ಪಟ್ಟಿಗಳನ್ನು ಕೊಟ್ಟೆ. ಚಳಿಗಾಲದ ತಿಂಗಳುಗಳಲ್ಲಿ ಕೆಳಗಿನ ಕಿಟಕಿಗಳನ್ನು ಸ್ವಲ್ಪ ಎತ್ತಿದರೆ ಬಿಸಿಗಾಳಿ ಅದರಲ್ಲಿ ಏರಿ ಹೋಗುತ್ತದೆ. ಜೂನ್‌ನಲ್ಲಿ ಎಸಿ ಇಲ್ಲದೆ ಆಗುವುದಿಲ್ಲ, ಅದನ್ನೂ ಬರೆದೆ. ನಿವೇಶನದ ಬೀದಿ ಉತ್ತರಕ್ಕಿದ್ದದ್ದು ನಮ್ಮ ಅದೃಷ್ಟ; ಚಾಚಿದ ಕಿಟಕಿಗೆ ಬಿಸಿಲಿನ ಹೊಡೆತವಿಲ್ಲ. ಅದರ ಕೆಳಗಿನ ಅರ್ಧಕ್ಕೆ ಮರದ ಜಾಲರಿ ಸೇರಿಸಿದೆ. ಒಳಗೆ ಕೂತವರಿಗೆ ಬೀದಿಯ ಎರಡೂ ತುದಿ ಕಾಣುತ್ತದೆ, ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ. ಅಣ್ಣ ಡ್ರಾಯಿಂಗ್ ನೋಡಿ, ಮಡಚಿ ಹಿಂದಕ್ಕೆ ಕೊಟ್ಟರು. ಬೇಡ ಎನ್ನಲಿಲ್ಲ ಎನ್ನುವುದೇ ಸಾಕು ಎಂದರು ತಂಗಿ.

ಪರ್ಮಿಟ್‌ಗಾಗಿ ನಾನು ಓಡಾಡುತ್ತಿದ್ದ ಆ ದಿನಗಳಲ್ಲೇ ಸೈಟಿನಲ್ಲಿ ಪಾಯದ ಕೆಲಸ ನಡೆದಿತ್ತು. ಪಾಯಕ್ಕೆ ಮಾತ್ರ ಅನುಮತಿ ಮೊದಲೇ ಬಂದಿತ್ತು; ಆಕ್ಷೇಪಗಳೆಲ್ಲ ಅದರ ಮೇಲಿನ ಕಟ್ಟಡಕ್ಕೆ. ಕಿಟಕಿಯ ಭಾಗದ ಪಾಯವನ್ನೂ ಮನೆಯ ಪಾಯದ ಜೊತೆಗೇ ಅಷ್ಟೇ ಆಳಕ್ಕೆ ಇಳಿಸಬೇಕು, ಎರಡನ್ನೂ ನೆಲದಡಿಯ ಬೀಮಿನಿಂದ ಕಟ್ಟಬೇಕು ಎಂದು ನಾನು ಡ್ರಾಯಿಂಗಿನಲ್ಲಿ ದಪ್ಪ ಗೆರೆಯಲ್ಲಿ ತೋರಿಸಿದ್ದೆ. ಕಾರಣ ಇತ್ತು. ಇಂಗ್ಲೆಂಡಿನ ಆ ಹಳೆಯ ಮನೆಗಳ ದೊಡ್ಡ ರೋಗವೇ ಅದು. ಕಿಟಕಿಯ ಭಾಗವನ್ನು ಅಲಂಕಾರವೆಂದು ಎಣಿಸಿ ಅದಕ್ಕೆ ಮಾತ್ರ ಆಳವಿಲ್ಲದ ಪಾಯ ಹಾಕುತ್ತಿದ್ದರು. ಕೆಲವು ವರ್ಷಗಳಲ್ಲಿ ಅದು ಕುಸಿದು, ಮನೆಯಿಂದ ಬೇರೆಯಾಗಿ ಮುಂದಕ್ಕೆ ವಾಲುತ್ತಿತ್ತು.

ಪರ್ಮಿಟ್ ಕೈಗೆ ಬಂದು ಮಹಡಿಯ ಗೋಡೆ ಏಳುತ್ತಿದ್ದಾಗ ನಾನು ಸೈಟಿಗೆ ಹೋದೆ. ಕಿಟಕಿಯ ಭಾಗ ಮುಖ್ಯ ಗೋಡೆಯನ್ನು ಸೇರುವ ಮೂಲೆಯಲ್ಲಿ ಒಂದು ಬಿರುಕು. ಕೆಳಗೆ ಕೂದಲೆಳೆಯಷ್ಟು, ಮೇಲಕ್ಕೆ ಹೋದಂತೆ ಅಗಲ. ಸಿಮೆಂಟು ಒಣಗುವಾಗ ಬರುವ ಬಿರುಕು ಹೀಗಿರುವುದಿಲ್ಲ. ಮೇಲೆ ಅಗಲವಾಗಿದೆ ಎಂದರೆ ಮುಂದಿನ ಭಾಗ ತಲೆಬಾಗುತ್ತಿದೆ ಎಂದರ್ಥ.

ಗುತ್ತಿಗೆದಾರ ಪಕ್ಕದಲ್ಲೇ ಇದ್ದ. ಮಾತು ಹಿಂದಿಯಲ್ಲಿ. "ಮ್ಯಾಡಮ್, ಪ್ಲಾಸ್ಟರ್ ಕೆ ಬಾದ್ ಕುಛ್ ನಹೀಂ ದಿಖೇಗಾ. ಖಲಾಸ್" ಎಂದ. ಪ್ಲಾಸ್ಟರ್ ಆದಮೇಲೆ ಬಿರುಕು ಕಾಣುವುದಿಲ್ಲ ಎನ್ನುವುದು ನನಗೂ ಗೊತ್ತಿತ್ತು. ಕಾಣದಿರುವುದೇ ನನ್ನ ಭಯ. ಪಾಯ ಎಷ್ಟು ಆಳಕ್ಕೆ ಹೋಗಿದೆ ಎಂದು ಕೇಳಿದೆ. ಡ್ರಾಯಿಂಗಿನಷ್ಟೇ ಎಂದ. ನನ್ನ ಮುಖ ನೋಡಿ ಹೇಳಲಿಲ್ಲ.

ಕಿಟಕಿಯ ಕೆಲಸವನ್ನು ನಿಲ್ಲಿಸಲು ಹೇಳಿ, ಬಿರುಕಿಗೆ ಅಡ್ಡಲಾಗಿ ಎರಡು ಕಡೆ ತೆಳು ಗಾಜಿನ ಪಟ್ಟಿಗಳನ್ನು ಸಿಮೆಂಟಿನಿಂದ ಕೂರಿಸಿದೆ. ಹಳೆಯ ಉಪಾಯ ಇದು: ಗೋಡೆ ಅಲುಗದಿದ್ದರೆ ಗಾಜು ಹಾಗೇ ಇರುತ್ತದೆ, ಅಲುಗಿದರೆ ಒಡೆಯುತ್ತದೆ. ಆ ವಾರ ಅಂಗಳಕ್ಕೆ ಮಣ್ಣು ತುಂಬಿ ನೀರು ಹಾಯಿಸಿದರು. ಮುಂದಿನ ವಾರ ಹೋದಾಗ ಮೇಲಿನ ಗಾಜು ಎರಡು ಹೋಳಾಗಿತ್ತು.

ಆಫೀಸಿಗೆ ಬಂದು ಮುಖ್ಯಸ್ಥರ ಮುಂದೆ ಒಡೆದ ಗಾಜಿನ ಫೋಟೋ ಇಟ್ಟೆ. ಪಾಯಕ್ಕೆ ಕಾಂಕ್ರೀಟು ಹಾಕುವ ಮುನ್ನ ನಮ್ಮ ಆಫೀಸಿನಿಂದ ಪರಿಶೀಲಿಸಿ ಸಹಿ ಹಾಕಬೇಕು. ಕಿಟಕಿಯ ಪಾಯಕ್ಕೆ ಕಾಂಕ್ರೀಟು ಬಿದ್ದ ದಿನ ನಾನು ಪರ್ಮಿಟ್ ಕಚೇರಿಯಲ್ಲಿದ್ದೆ. ಗುತ್ತಿಗೆದಾರ ಕಳಿಸಿದ ಫೋಟೋವನ್ನು ಮೊಬೈಲಿನಲ್ಲಿ ನೋಡಿ ಸಹಿ ಹಾಕಿದವರು ಮುಖ್ಯಸ್ಥರೇ. ಆ ಸಂಗತಿ ನಮ್ಮಿಬ್ಬರ ನಡುವೆ ಮೇಜಿನ ಮೇಲೆ ಕೂತಿತ್ತು.

ಅವರು ಸೂಚಿಸಿದ ಮದ್ದು ಹೀಗಿತ್ತು: ಬಿರುಕು ಇರುವ ಮೂಲೆಯಲ್ಲಿ ಉದ್ದಕ್ಕೆ ಒಂದು ಸಂದು ಕೊರೆದು, ರಬ್ಬರಿನಂಥ ಮೇಣ ತುಂಬಿ, ಅದರ ಮೇಲೆ ಅಲಂಕಾರದ ಪಟ್ಟಿ ಅಂಟಿಸುವುದು. ಅಂದರೆ ಕೊನೆಗೂ ಥರ್ಮೋಕೋಲ್. ನಾನು ಆ ಡ್ರಾಯಿಂಗಿಗೆ ಸಹಿ ಹಾಕುವುದಿಲ್ಲ ಎಂದೆ. ತುಳು ನಿಂತುಹೋಯಿತು.

"ನಿನ್ನ ಕಾಂಟ್ರಾಕ್ಟ್ ರಿನ್ಯೂವಲ್‌ಗೆ ಬರ್ತಾ ಉಂಟು. ನೆನಪುಂಟಲ್ಲ?"

"ಉಂಟು ಸರ್."

"ಹಾಗಾದ್ರೆ ಸ್ವಲ್ಪ ಬುದ್ಧಿ ಉಪಯೋಗಿಸು. ಆ ಗುತ್ತಿಗೆದಾರನ ಒಮಾನಿ ಸ್ಪಾನ್ಸರ್ ಇದ್ದಾನಲ್ಲ, ಆ ಕಫೀಲ್, ನಮ್ಗೆ ಎಷ್ಟು ಕೆಲ್ಸ ಕೊಡ್ತಾನೆ ಗೊತ್ತುಂಟಾ? ಒಂದು ಕಿಟಕಿಗೋಸ್ಕರ ಅವನನ್ನು ಕಳ್ಕೊಳ್ಳೋದಾ?"

"ಕಿಟಕಿ ಅಲ್ಲ ಸರ್. ಆ ಕಿಟಕಿಯಲ್ಲಿ ಜನ ಕೂತ್ಕೊಳ್ತಾರೆ."

ನನ್ನ ಗಂಡ ಒಂದು ಟ್ರೇಡಿಂಗ್ ಕಂಪೆನಿಯ ಅಕೌಂಟ್ಸಿನಲ್ಲಿದ್ದಾರೆ. ಇಬ್ಬರ ಸಂಬಳ ಸೇರಿದರೆ ಮಾತ್ರ ಮನೆ ನಡೆಯುತ್ತದೆ. ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿದೆ. ಮಗಳು ತಟ್ಟೆಯಿಂದ ತಲೆಯೆತ್ತಿ, "ಅಮ್ಮ, ಆರ್ ಯು ಗೆಟಿಂಗ್ ಫೈರ್ಡ್?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಗಂಡ ಅನ್ನಕ್ಕೆ ಸಾರು ಹಾಕಿಕೊಳ್ಳುತ್ತಾ, "ಬೀಳುವಂಥದ್ದಕ್ಕೆ ಸಹಿ ಹಾಕಿ ನೀನು ನಿದ್ದೆ ಮಾಡುವವಳಲ್ಲ. ಮತ್ತೆ ನಮ್ಮನ್ನೂ ಮಲಗಲಿಕ್ಕೆ ಬಿಡುವುದಿಲ್ಲ" ಎಂದರು. ಅಷ್ಟು ಸಾಕಾಯಿತು.

ಮರುದಿನ ಬೆಳಿಗ್ಗೆ ನಾನು ಆಫೀಸಿನ ನಿಯಮ ಮುರಿದೆ. ಮಾಲೀಕರೊಂದಿಗೆ ತೊಂದರೆಯ ಮಾತನ್ನು ಮುಖ್ಯಸ್ಥರೇ ಆಡಬೇಕು, ನಾವಲ್ಲ. ನಾನು ನೇರವಾಗಿ ಉಪನ್ಯಾಸಕಿಗೆ ಫೋನ್ ಮಾಡಿ ಸೈಟಿಗೆ ಬರಲು ಹೇಳಿದೆ, ಅಣ್ಣನನ್ನೂ ಕರೆತನ್ನಿ ಎಂದೆ. ಆಮೇಲೆ ಮುಖ್ಯಸ್ಥರಿಗೂ ಗುತ್ತಿಗೆದಾರನಿಗೂ ಹೇಳಿದೆ. ಬೆನ್ನ ಹಿಂದೆ ಮಾಡಿದೆ ಎನ್ನುವ ಮಾತು ಬರಬಾರದಿತ್ತು.

ಎಲ್ಲರೂ ಬಂದರು. ಒಡೆದ ಗಾಜನ್ನು ತೋರಿಸಿದೆ. ಗುತ್ತಿಗೆದಾರ ಅದು ಏಣಿ ತಾಗಿ ಒಡೆದದ್ದು ಎಂದ. ಮುಖ್ಯಸ್ಥರು ಇಂಗ್ಲಿಷಿನಲ್ಲಿ, ಇದು ಸಾಮಾನ್ಯ ಬಿರುಕು, ನಮ್ಮ ಆರ್ಕಿಟೆಕ್ಟ್ ಸ್ವಲ್ಪ ಹೆಚ್ಚು ಕಾಳಜಿಯವರು ಎಂದು ನಕ್ಕರು. ಅಣ್ಣನಿಗೆ ಬೇಕಾದ ಅವಕಾಶ ಅದೇ ಆಗಿತ್ತು. ಇಷ್ಟು ತೊಂದರೆಯಿದ್ದರೆ ಕಿಟಕಿಯನ್ನೇ ಒಡೆದು ತೆಗೆಯಿರಿ, ಅಲ್ಲಿ ನೇರ ಗೋಡೆ ಕಟ್ಟಿ ಮುಗಿಸಿ ಎಂದರು. ಮುಖ್ಯಸ್ಥರು ತಕ್ಷಣ ತಲೆಯಾಡಿಸಿದರು. ಗುತ್ತಿಗೆದಾರನೂ. ಒಂದು ಗಳಿಗೆಯಲ್ಲಿ ಆ ಮೂವರೂ ಒಂದೇ ಕಡೆ ನಿಂತರು. ಉಪನ್ಯಾಸಕಿ ನನ್ನ ಮುಖ ನೋಡಿದರು. ಅವರ ಕಣ್ಣಲ್ಲಿ ಸೋತ ನೋಟವಿತ್ತು. ಒಪ್ಪಿಬಿಡುತ್ತಾರೆ ಅನಿಸಿತು.

ನಾನು ನಡುವೆ ಬಾಯಿ ಹಾಕಿದೆ. ತೆಗೆಯುವುದೋ ಇಡುವುದೋ ಮಾಲೀಕರ ಇಷ್ಟ, ಆದರೆ ತಪ್ಪು ಕಿಟಕಿಯದೋ ಪಾಯದ್ದೋ ಎನ್ನುವುದನ್ನು ತಿಳಿದು ತೀರ್ಮಾನಿಸಿ ಎಂದೆ. ಪಾಯದ ಪಕ್ಕದಲ್ಲೇ ಒಂದು ಗುಂಡಿ ತೋಡೋಣ, ಎಲ್ಲರೂ ನಿಂತು ನೋಡೋಣ. ಡ್ರಾಯಿಂಗಿನಷ್ಟು ಆಳವಿದ್ದರೆ ನಾನು ಇಲ್ಲೇ, ನಿಮ್ಮೆಲ್ಲರ ಮುಂದೆ, ಕೆಲಸಕ್ಕೆ ರಾಜೀನಾಮೆ ಬರೆದುಕೊಡುತ್ತೇನೆ.

ಆ ಕೊನೆಯ ಮಾತನ್ನು ನಾನು ಯೋಚಿಸಿ ಆಡಿರಲಿಲ್ಲ. ಬಾಯಿಂದ ಬಂದುಬಿಟ್ಟಿತು. ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸೂ ಆಗಲಿಲ್ಲ.

ಗುತ್ತಿಗೆದಾರ ಇವತ್ತು ಆಳುಗಳಿಲ್ಲ ಎಂದ. ಆಳುಗಳು ಎದುರಿಗೇ ನಿಂತಿದ್ದರು. ಉಪನ್ಯಾಸಕಿ ಅರಬ್ಬಿಯಲ್ಲಿ ಒಂದೇ ಮಾತು ಹೇಳಿದರು: "ಯಲ್ಲಾ." ಅಗೆಯಲು ಶುರುವಾಯಿತು.

ಸಲಿಕೆ ಸಲೀಸಾಗಿ ಇಳಿಯುತ್ತಿತ್ತು. ಅದೇ ಮೊದಲ ಸಾಕ್ಷಿ. ಅಲ್ಲಿನ ನೆಲ ವಾದಿಯ, ಅಂದರೆ ಒಣ ಹೊಳೆಯ, ದಂಡೆಯದು, ಎಂದೋ ನೀರು ಹರಿದು ಬಿಟ್ಟುಹೋದ ಜಲ್ಲಿ. ಗಟ್ಟಿ ಜಲ್ಲಿಗೆ ತಾಗಿದರೆ ಸಲಿಕೆ ಕಿರುಗುಟ್ಟುತ್ತದೆ. ಇಲ್ಲಿ ಬರುತ್ತಿದ್ದದ್ದು ನಿವೇಶನ ಸಮ ಮಾಡಲು ತುಂಬಿದ ಸಡಿಲ ಮಣ್ಣು, ಅದರಲ್ಲಿ ಒಡೆದ ಬ್ಲಾಕಿನ ಚೂರು, ಸಿಮೆಂಟು ಚೀಲದ ತುಂಡು. ಮೊಣಕಾಲಿನ ಆಳಕ್ಕೆ ಬರುವಷ್ಟರಲ್ಲಿ ಕಾಂಕ್ರೀಟಿನ ತಳ ಕಾಣಿಸಿತು. ಅದರ ಕೆಳಗೆ ಮತ್ತೆ ಅದೇ ಮಣ್ಣು. ಮನೆಯ ಪಾಯಕ್ಕೆ ಕಟ್ಟುವ ಬೀಮು ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ನಾನು ಗುಂಡಿಗಿಳಿದು ಅಳತೆ ಪಟ್ಟಿ ಹಿಡಿದೆ. ಯಾರಿಗೂ ಸಂಖ್ಯೆ ಓದಿ ಹೇಳುವ ಅಗತ್ಯ ಬೀಳಲಿಲ್ಲ.

ಅಣ್ಣ ತಮ್ಮ ಬಿಳಿಯ ಉದ್ದ ನಿಲುವಂಗಿ ದಿಶ್ದಾಶಾವನ್ನು ಎತ್ತಿ ಹಿಡಿದು ಗುಂಡಿಯ ಅಂಚಿಗೆ ಬಂದು, ಬಗ್ಗಿ, ಒಂದು ಹಿಡಿ ಮಣ್ಣು ತೆಗೆದು ಬೆರಳಲ್ಲಿ ಉದುರಿಸಿ ನೋಡಿದರು. ನೇರ ಗೋಡೆ ಕಟ್ಟಿದ್ದರೆ ಈ ಪಾಯವನ್ನು ಏನು ಮಾಡುತ್ತಿದ್ದೆ ಎಂದು ಗುತ್ತಿಗೆದಾರನನ್ನು ಕೇಳಿದರು. ಮನೆಯ ಉಳಿದ ಪಾಯವನ್ನೂ ತೋಡಿ ತೋರಿಸು ಎಂದು ಅವರೇ ಹೇಳಿದರು. ಆ ದಿನ ನಾಲ್ಕೂ ಮೂಲೆಯಲ್ಲಿ ಗುಂಡಿ ತೋಡಿಸಿದರು. ಉಳಿದದ್ದು ಸರಿಯಾಗಿತ್ತು. ಕಿಟಕಿಯನ್ನು ಮಾತ್ರ ಅಲಂಕಾರವೆಂದು ಬಿಟ್ಟಿದ್ದರು, ಇಂಗ್ಲೆಂಡಿನಲ್ಲಿ ಮಾಡಿದ ಹಾಗೆಯೇ.

ನೇರ ಗೋಡೆಯ ಮಾತನ್ನು ಅಣ್ಣ ಬಿಟ್ಟರು. ಹೊಸದಾಗಿ ಕಟ್ಟಲು ಕಿಟಕಿಯ ಭಾಗವನ್ನು ಪೂರ್ತಿ ಒಡೆದರು. ಖರ್ಚು ಗುತ್ತಿಗೆದಾರನದು. ಈ ಸಲ ನಾನು ಸೈಟಿನಿಂದ ಕದಲಲಿಲ್ಲ. ಹೊಸ ಪಾಯವನ್ನು ಗಟ್ಟಿ ಜಲ್ಲಿ ಸಿಗುವವರೆಗೆ ಇಳಿಸಿದೆವು. ಮನೆಯ ಮುಖ್ಯ ಪಾಯದ ಕಾಂಕ್ರೀಟನ್ನು ಕೆತ್ತಿ ಕಬ್ಬಿಣ ಬಯಲು ಮಾಡಿ, ಹೊಸ ಬೀಮಿನ ಸರಳುಗಳನ್ನು ಅದಕ್ಕೆ ತೂತು ಕೊರೆದು ಅಂಟಿನಿಂದ ಕೂರಿಸಿದೆವು. ಒಂದೊಂದು ಸರಳನ್ನೂ ಎಳೆದು ನೋಡಿ ಆಮೇಲೆ ಕಾಂಕ್ರೀಟಿಗೆ ಒಪ್ಪಿಗೆ ಕೊಟ್ಟೆ. ಆ ಸಹಿ ನನ್ನದು. ಗೋಡೆ ಮತ್ತೆ ಮಹಡಿಯವರೆಗೆ ಎದ್ದಮೇಲೆ ಮೂಲೆಗೆ ಹೊಸ ಗಾಜು ಕೂರಿಸಿದೆ. ಅದು ಪ್ಲಾಸ್ಟರ್ ಮಾಡುವ ದಿನದವರೆಗೂ ಹಾಗೇ ಇತ್ತು.

ಮನೆ ಮುಗಿಯುತ್ತಾ ಬಂದಾಗ ಮುಖ್ಯಸ್ಥರು ಕಾಂಟ್ರಾಕ್ಟ್ ನವೀಕರಣದ ಮಾತು ತೆಗೆದರು. ಕೆಲಸ ಉಂಟು, ಸಂಬಳವೂ ಅದೇ, ಆದರೆ ಒಂದು ಷರತ್ತು: ಇನ್ನು ಮುಂದೆ ಮಾಲೀಕರೊಂದಿಗೆ ನಾನು ಒಬ್ಬಳೇ ಮಾತಾಡಬಾರದು, ಸೈಟಿನಲ್ಲಿ ಕೆಲಸ ನಿಲ್ಲಿಸುವ ಅಧಿಕಾರವೂ ನನಗಿಲ್ಲ. ಅವರ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಆಯಾಸವಿತ್ತು. ಆಫೀಸು ನಡೆಸುವ ಕಷ್ಟ ನಿನಗೆ ತಿಳಿಯುವುದಿಲ್ಲ ಎಂದರು. ತಿಳಿಯುತ್ತದೆ ಎಂದೆ. ಆದರೂ ಆಗುವುದಿಲ್ಲ ಎಂದೆ. ನಿಲ್ಲಿಸುವ ಅಧಿಕಾರ ಇಲ್ಲದಿದ್ದರೆ ನಾನು ಹಾಕುವ ಸಹಿಗೆ ಅರ್ಥವಿಲ್ಲ.

"ಹಾಗಾದ್ರೆ ಊರಿಗೆ ಹೋಗ್ತಿಯಾ?"

"ಯಾಕೆ ಹೋಗ್ಬೇಕು ಸರ್? ಮಸ್ಕತ್‌ನಲ್ಲಿ ಮನೆ ಕಟ್ಟುವವರು ನೀವೊಬ್ರೇ ಅಲ್ವಲ್ಲ."

ಕೆಲಸ ಬಿಡುವ ನೋಟಿಸಿನ ಕೊನೆಯ ವಾರದಲ್ಲಿ ಗೃಹಪ್ರವೇಶದ ಊಟಕ್ಕೆ ಕರೆ ಬಂತು. ಮುಖ್ಯಸ್ಥರಿಗೂ, ನನಗೂ. ಮುಂದಿನ ಕೋಣೆಯಲ್ಲಿ ಅವರ ಊರು ರುಸ್ತಾಕ್‌ನಿಂದ ಬಂದ ನೆಂಟರು ತುಂಬಿದ್ದರು. ಚಾಚಿದ ಕಿಟಕಿಯ ಮೂರು ಮುಖಕ್ಕೂ ಸೇರಿಸಿ ಮರದ ಬೆಂಚು ಮಾಡಿಸಿದ್ದೆ. ಅದರಲ್ಲಿ ಕುಟುಂಬದ ಸೋದರಮಾವ, ಬಹಳ ವಯಸ್ಸಾದವರು, ಊರುಗೋಲು ಹಿಡಿದು ಕೂತಿದ್ದರು. ಬೀದಿಯ ತುದಿಯಲ್ಲಿ ಕಾರು ತಿರುಗುವುದನ್ನು ಜಾಲರಿಯ ಮೂಲಕ ಕಂಡು, ಯಾರು ಬರುತ್ತಿದ್ದಾರೆಂದು ಉಳಿದವರಿಗೆ ಮೊದಲೇ ಹೇಳುತ್ತಿದ್ದರು. ಅವರಿಗೆ ಆ ಆಟ ತುಂಬ ಹಿಡಿಸಿತ್ತು. ಹಲ್ವಾ, ಕಾಫಿ ಒಂದು ಸುತ್ತು ಬಂದಮೇಲೆ ಅವರು ಈ ಮನೆಯ ನಕ್ಷೆ ಯಾರದೆಂದು ಕೇಳಿದರು.

ಮುಖ್ಯಸ್ಥರು ತಕ್ಷಣ ಉತ್ತರಿಸಿದರು. ಅವರ ಅರಬ್ಬಿ ನನ್ನದಕ್ಕಿಂತ ಚೆನ್ನಾಗಿದೆ. ನಕ್ಷೆ ಲಂಡನ್ನಿನ ಒಬ್ಬ ಆರ್ಕಿಟೆಕ್ಟಿನದು, ನಮ್ಮ ಕಂಪೆನಿ ತರಿಸಿದ್ದು ಎಂದರು. ಲಂಡನ್ ಎನ್ನುವ ಹೆಸರು ಕೇಳಿ ನೆಂಟರು ಮೆಚ್ಚುಗೆಯಿಂದ ತಲೆದೂಗಿದರು. ಅಣ್ಣ ಕಾಫಿ ಲೋಟ ಕೆಳಗಿಟ್ಟು ನನ್ನ ಕಡೆ ನೋಡಿದರು. ಉಪನ್ಯಾಸಕಿ ಬಾಯಿ ತೆರೆದರು. ಅವರು ನನ್ನ ಪರವಾಗಿ ಮಾತಾಡುತ್ತಿದ್ದರು, ಖಂಡಿತ. ಆದರೆ ಇದು ಇನ್ನೊಬ್ಬರು ಹೇಳಬೇಕಾದ ಮಾತಲ್ಲ ಅನಿಸಿತು. ನಾನು ಬಾಗಿಲ ಬಳಿಯ ಕುರ್ಚಿಯಿಂದ ಎದ್ದು ನಿಂತೆ.

"ಹಾದಾ ಶುಗ್ಲಿ" ಎಂದೆ. ಇದು ನನ್ನ ಕೆಲಸ.

ನನ್ನ ಅರಬ್ಬಿ ಕಚ್ಚಾ. ಅವರಿಗೆ ಅರ್ಥವಾಯಿತೋ ಇಲ್ಲವೋ ಎಂದು ಎದೆಯ ಮೇಲೆ ಕೈಯಿಟ್ಟು ಇನ್ನೊಮ್ಮೆ ಹೇಳಿದೆ. ಮುಖ್ಯಸ್ಥರು ಗೋಡೆಯ ಕಡೆ ನೋಡುತ್ತಿದ್ದರು. ಆಗ ಅಣ್ಣ, ಗಟ್ಟಿಯಾಗಿ, ಹೌದು, ಇವರದೇ ಎಂದರು.

ಮುದುಕರು ಬೆಂಚಿನಲ್ಲಿ ಸ್ವಲ್ಪ ಸರಿದು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದರು. ಬೆಂಕಿಯಿಲ್ಲದ ಮನೆಗೆ ಹೊಗೆಗೂಡು ಯಾಕೆ, ಈ ಕಿಟಕಿ ಬೀಳದೆ ನಿಂತಿರುವುದು ಹೇಗೆ, ಎಲ್ಲ ಹೇಳಬೇಕಂತೆ. ಅನುವಾದಕ್ಕೆ ಉಪನ್ಯಾಸಕಿ ಹತ್ತಿರ ಬಂದು ನಿಂತರು. ನಾನು ಹೋಗಿ ಮುದುಕರ ಪಕ್ಕದಲ್ಲಿ ಕೂತೆ, ಪಾಯದಿಂದ ಶುರು ಮಾಡಿದೆ.